ಬರೆದದ್ದನ್ನು ಅಳಿಸುವ ಮೊದಲು

ಮಗಳೇ,

ಬೆಂಗಳೂರಿನ ಆ ಪೇಯಿಂಗ್ ಗೆಸ್ಟ್ ಮನೆಗೆ ಸೇರುವಾಗ ನೀನು ಕೊಟ್ಟಿದ್ದ ಆಧಾರ್ ನಕಲಿನಲ್ಲಿ ಊರಿನ ವಿಳಾಸ ಇತ್ತಲ್ಲ, ನೀನು ನೆಟ್‌ನಲ್ಲಿ ಬರೆದ ರಿವ್ಯೂಗಾಗಿ ಅಲ್ಲಿನ ಓನರ್ ಕಳಿಸಿದ ವಕೀಲರ ನೋಟಿಸ್ ಹಾಸನದ ಮನೆಗೇ ಬಂದಿದೆ. ನಿನ್ನಮ್ಮ ಗಾಬರಿಯಿಂದ ತಂದು ನನ್ನ ಕೈಗಿತ್ತಳು. ಫೋನ್ ಮಾಡಿದರೆ ನೀನು "ದೊಡ್ಡಪ್ಪ, ರಿವ್ಯೂ ಈಗಲೇ ಡಿಲೀಟ್ ಮಾಡಿಬಿಡ್ತೀನಿ" ಅಂತ ಅಳೋಕೆ ಶುರುಮಾಡಿದೆ. ತಡಿ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಇಂಥ ಕಾಗದಗಳ ನಡುವೆಯೇ ಸರ್ವಿಸ್ ಮುಗಿಸಿದವನು ನಾನು. ಹೆದರಿ ಅಳಿಸುವುದೂ ಬೇಡ, ರೋಷಕ್ಕೆ ಇನ್ನೊಂದು ಬರೆಯುವುದೂ ಬೇಡ. ಸಮಾಧಾನವಾಗಿ ಇದನ್ನು ಓದು.

ನಿನ್ನ ಕೈಗೆ ಬಂದಿರುವುದು ಕೋರ್ಟಿನ ಆದೇಶ ಅಲ್ಲ, ಸಮನ್ಸೂ ಅಲ್ಲ. ಓನರ್ ಹೇಳಿದ್ದನ್ನು ಅವರ ವಕೀಲರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದ ಪತ್ರ, ಅಷ್ಟೇ. ಏಳು ದಿನದೊಳಗೆ ಬೇಷರತ್ ಕ್ಷಮೆ ಕೇಳಬೇಕು, 25 ಲಕ್ಷ ಪರಿಹಾರ ಕೊಡಬೇಕು, ಇಲ್ಲವಾದರೆ ಸಿವಿಲ್ಲು, ಕ್ರಿಮಿನಲ್ಲು ಎರಡೂ ಹೂಡುತ್ತೇವೆ ಎಂದಿದೆ. ನೋಟಿಸಿನಲ್ಲಿ 25 ಲಕ್ಷ ಎಂದು ಬರೆಯುವುದಕ್ಕೆ ಖರ್ಚಿಲ್ಲ. ದಾವೆ ಹೂಡಬೇಕಾದರೆ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ ಪ್ರಕಾರ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ನೋಟಿಸಿನಲ್ಲಿದ್ದ ದೊಡ್ಡ ಮೊತ್ತ ದಾವೆಯಾಗುವ ಹೊತ್ತಿಗೆ ಇಳಿದುಹೋಗುವುದನ್ನೂ, ಎಷ್ಟೋ ಸಲ ದಾವೆಯೇ ಬಾರದಿರುವುದನ್ನೂ ನಾನು ನೋಡಿದ್ದೇನೆ. ಹಾಗಂತ ಮಡಚಿ ಮೂಲೆಗೆಸೆಯುವ ಕಾಗದವೂ ಅಲ್ಲ. ಉತ್ತರ ಕೊಡದಿದ್ದರೆ ನಾಳೆ ಕೋರ್ಟಿನಲ್ಲಿ "ನೋಟಿಸ್ ತಲುಪಿದರೂ ಸುಮ್ಮನಿದ್ದರು" ಎಂದು ಅದನ್ನೇ ಎತ್ತಿ ಆಡುತ್ತಾರೆ.

ಈಗ ನಿನ್ನ ರಿವ್ಯೂ ತೆಗಿ. ನಾನೂ ಪೆನ್ಸಿಲ್ ಹಿಡಿದು ಒಂದೊಂದೇ ವಾಕ್ಯ ನೋಡಿದೆ. "ಅಡ್ವಾನ್ಸ್ 15,000 ಕೊಟ್ಟಿದ್ದೆ, ಬಿಡುವ ವಿಷಯ ಒಂದು ತಿಂಗಳು ಮೊದಲೇ ತಿಳಿಸಿದೆ, ಆದರೂ ಪೇಂಟಿಂಗ್ ಅಂತ 9,000 ಹಿಡಿದುಕೊಂಡರು." ಇದಕ್ಕೆ ಯುಪಿಐ ದಾಖಲೆ ಇದೆ, ನೀನು ಕಳಿಸಿದ ಮೆಸೇಜ್ ಇದೆ. ಗಟ್ಟಿ ವಾಕ್ಯ. "ಸಾಂಬಾರಿನಲ್ಲಿ ಹುಳ ಸಿಕ್ಕಿತು." ಫೋಟೊ ಇದೆ ಅಂದೆ. ಇರಲಿ. "ಇಲ್ಲಿರುವುದಕ್ಕಿಂತ ಬಸ್‌ಸ್ಟ್ಯಾಂಡಿನಲ್ಲಿ ಮಲಗುವುದು ಮೇಲು." ಅದು ನಿನ್ನ ಅಭಿಪ್ರಾಯ. ದುಡ್ಡು ಕೊಟ್ಟು ಇದ್ದವಳಿಗೆ ಅಷ್ಟು ಹೇಳುವ ಹಕ್ಕಿದೆ. ಆಮೇಲೆ ಬರುತ್ತದೆ ನೋಡು: "ಕೊಳೆತ ತರಕಾರಿಯನ್ನೇ ಹುಡುಕಿ ತರುತ್ತಾನೆ. ಓನರ್ ಕಳ್ಳ, ಹುಡುಗಿಯರ ಅಡ್ವಾನ್ಸ್ ನುಂಗಿಯೇ ಎರಡನೇ ಬಿಲ್ಡಿಂಗ್ ಎಬ್ಬಿಸಿದ." ಆತ ತರಕಾರಿ ಕೊಳ್ಳುವಾಗ ನೀನು ಪಕ್ಕದಲ್ಲಿದ್ದೆಯಾ? ಆತನ ಬ್ಯಾಂಕ್ ಲೆಕ್ಕ ನೋಡಿದ್ದೀಯಾ? ನೋಟಿಸನ್ನು ಮತ್ತೆ ಓದು. ವಕೀಲರು ಅಷ್ಟುದ್ದ ಬರೆದು ಹಿಡಿದಿರುವುದು ಈ ಎರಡು ವಾಕ್ಯವನ್ನೇ. ಅಡ್ವಾನ್ಸಿನ ಲೆಕ್ಕ ಸುಳ್ಳು ಎಂದು ಅವರು ಎಲ್ಲಿಯೂ ಹೇಳಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಮೊದಲು ರಿವ್ಯೂ ಇದ್ದ ಹಾಗೇ ಸ್ಕ್ರೀನ್‌ಶಾಟ್ ತೆಗೆದಿಡು, ದಿನಾಂಕ, ಲಿಂಕು, ಓನರ್ ಕೊಟ್ಟ ಮರುತ್ತರ ಎಲ್ಲ ಕಾಣುವಂತೆ. ನಮ್ಮ ಕಡೆಯ ವಕೀಲರ ಕಿವಿಗೆ ಹಾಕಿ ಆ ಎರಡು ವಾಕ್ಯಗಳನ್ನು ತೆಗಿ. ಉಳಿದದ್ದು ಅಲ್ಲೇ ಇರಲಿ. ಪೂರ್ತಿ ಅಳಿಸಿದರೆ ಬರೆದದ್ದೆಲ್ಲ ಸುಳ್ಳು ಎಂದು ನೀನೇ ಒಪ್ಪಿಕೊಂಡೆ ಎಂದು ಅವರು ವಾದಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬರುವ ಜೂನ್‌ನಲ್ಲಿ ಯಾವುದೋ ಊರಿನಿಂದ ಬ್ಯಾಗ್ ಹೊತ್ತು ಬರುವ ಇನ್ನೊಬ್ಬ ಹುಡುಗಿಗೆ ಆ 9,000ದ ವಿಷಯ ಗೊತ್ತಾಗಲೇಬೇಕು.

ಜೈಲಿನ ಮಾತು ಕೇಳಿ ನೀನು ನಡುಗಿದ್ದು ಗೊತ್ತು. ಮಾನಹಾನಿ ಅಪರಾಧ ಹೌದು. ಮೊದಲು ಐಪಿಸಿ 499, 500 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆ ಮಾಡಿಸುವ ದಾರಿಯನ್ನೂ ಹೊಸ ಕಾಯ್ದೆ ಸೇರಿಸಿದೆ. ಈ ಅಪರಾಧವನ್ನು ಕಾಯ್ದೆಯಿಂದ ಕೈಬಿಡಬೇಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಒಪ್ಪಲಿಲ್ಲ. ಆದರೆ ಅದೇ ಕಲಂನಲ್ಲಿ ವಿನಾಯಿತಿಗಳೂ ಇವೆ. ನಿಜವಾದದ್ದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ಅಪರಾಧವಲ್ಲ. ತನ್ನ ಅಥವಾ ಬೇರೆಯವರ ಹಿತ ಕಾಪಾಡಲು ಸದ್ಭಾವನೆಯಿಂದ ಹೇಳಿದರೂ ಅಲ್ಲ. ಸದ್ಭಾವನೆ ಅಂದರೆ ಕಾನೂನಿನ ಕಣ್ಣಿನಲ್ಲಿ ಒಳ್ಳೆಯ ಮನಸ್ಸು ಮಾತ್ರ ಅಲ್ಲ, ಹೇಳುವ ಮುಂಚೆ ತಕ್ಕಷ್ಟು ಎಚ್ಚರ ವಹಿಸಿದ್ದೀಯಾ ಎಂಬುದೂ ಹೌದು. "ಕಳ್ಳ" ಎಂಬ ಮಾತು ಅಲ್ಲಿ ಸೋಲುತ್ತದೆ, ಯುಪಿಐ ದಾಖಲೆ ಗೆಲ್ಲುತ್ತದೆ.

ಇನ್ನು, ಇದು ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಹಿಡಿದೊಯ್ಯುವ ಅಪರಾಧ ಅಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಪ್ರಕಾರ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲು ನಿನ್ನ ಮಾತನ್ನೂ ಕೇಳಬೇಕು. ಹಾಗಾಗಿ ಯಾರಾದರೂ "ಸ್ಟೇಷನ್ನಿಂದ ಮಾತಾಡ್ತಿದ್ದೀನಿ, ರಿವ್ಯೂ ತೆಗೀಮ್ಮ" ಎಂದು ಫೋನ್ ಮಾಡಿದರೆ ಮರ್ಯಾದೆಯಿಂದಲೇ "ಸರ್, ದಯವಿಟ್ಟು ಲಿಖಿತವಾಗಿ ಕಳಿಸಿ, ನಮ್ಮ ವಕೀಲರು ಉತ್ತರ ಕೊಡ್ತಾರೆ" ಎನ್ನು. ನೆಟ್‌ನಲ್ಲಿ ಬರೆದದ್ದಕ್ಕೇ ಹಿಡಿದುಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ. ಅದರ ಹೆಸರು ಹೇಳಿ ಯಾರೂ ನಿನ್ನನ್ನು ಬೆದರಿಸುವಂತಿಲ್ಲ.

ಸಾಕ್ಷ್ಯದ ವಿಷಯದಲ್ಲಿ ನಿಮ್ಮ ವಯಸ್ಸಿನವರು ಎಡವುವುದು ಒಂದೇ ಕಡೆ. ಫೋಟೊ ವಾಟ್ಸ್ಯಾಪಿನಲ್ಲಿ ಕಳಿಸಿದ್ದೇವಲ್ಲ, ಸಾಕು ಎಂದುಕೊಳ್ಳುತ್ತೀರಿ. ವಾಟ್ಸ್ಯಾಪಿನಲ್ಲಿ ಹೋದ ಫೋಟೊದೊಳಗೆ ಅದನ್ನು ತೆಗೆದ ದಿನ, ಹೊತ್ತಿನ ಗುರುತು ಉಳಿಯುವುದಿಲ್ಲ. ಸಾಂಬಾರಿನ ಮೂಲ ಫೋಟೊ ನಿನ್ನ ಫೋನಿನಲ್ಲೇ ಇರಬೇಕು. ಅದೇ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡಬೇಕು ಅಂತಿದ್ದೀಯಲ್ಲ, ಈ ವ್ಯಾಜ್ಯ ಮುಗಿಯುವವರೆಗೆ ಕೊಡಬೇಡ. ಇಂಥ ಡಿಜಿಟಲ್ ದಾಖಲೆ ಕೋರ್ಟಿಗೆ ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನು ವಕೀಲರು ಮಾಡಿಸುತ್ತಾರೆ. ರೂಮ್‌ಮೇಟ್ ಹುಡುಗಿಯರನ್ನು ಸಾಕ್ಷಿಗೆ ಕೇಳು, ಬಲವಂತ ಮಾಡಬೇಡ. ಅವರಿಗೂ ಅಪ್ಪ ಅಮ್ಮ ಇದ್ದಾರೆ.

ಆಧಾರ ಕೈಯಲ್ಲಿದ್ದವರ ಬಾಯಿಯನ್ನು ಕೋರ್ಟು ಸುಲಭವಾಗಿ ಮುಚ್ಚಿಸುವುದಿಲ್ಲ. ಪ್ರೋಟೀನ್ ಪುಡಿಯ ಕಂಪನಿಯೊಂದು ತನ್ನ ಬಗ್ಗೆ ವಿಡಿಯೊ ಮಾಡಿದ ಯೂಟ್ಯೂಬರ್‌ಗಳ ಮೇಲೆ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಅವರು ಲ್ಯಾಬ್ ವರದಿ ಮುಂದಿಟ್ಟು ಮಾತಾಡಿದ್ದರು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಅದಕ್ಕೂ ಮೊದಲು, 2024ರ ಮಾರ್ಚ್‌ನಲ್ಲಿ, ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಎಚ್ಚರಿಕೆ ಹೇಳಿತ್ತು: ವಿಚಾರಣೆಗೆ ಮುಂಚೆಯೇ ಬರಹಕ್ಕೆ ತಡೆ ಕೊಡುವುದು ತೀರ ಅಪರೂಪವಾಗಿರಬೇಕು ಎಂದು. ಆದರೂ ನಿನಗೆ ಗೊತ್ತಾಗದ ಹಾಗೆ ಒಂದು ಬೆಳಿಗ್ಗೆ ಏಕಪಕ್ಷೀಯ ತಡೆಯಾಜ್ಞೆ ತಂದುಬಿಡಬಹುದು. ಅದಕ್ಕೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ ಹಾಕಿಸು. ನನ್ನ ಟೇಬಲ್ಲಿಗೆ ಬರುತ್ತಿದ್ದ ಕಾಗದಗಳಲ್ಲೆಲ್ಲ ಇಷ್ಟು ಸಣ್ಣ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುತ್ತಿದ್ದದ್ದು ಇದೊಂದೇ. ಹಾಕಿದ ದಿನದಿಂದ 90 ದಿನ ಅದು ಜಾರಿಯಲ್ಲಿರುತ್ತದೆ. ಅಷ್ಟರೊಳಗೆ ಅವರು ಅರ್ಜಿ ಹಾಕಿದರೆ ನಿನಗೆ ತಿಳಿಸಬೇಕು.

ಇಷ್ಟರ ಮಧ್ಯೆ ಓನರಿಗೆ ನೀನಾಗಿ ಫೋನ್ ಮಾಡಬೇಡ, ವಾಯ್ಸ್ ಮೆಸೇಜ್ ಕಳಿಸಬೇಡ, ಗೆಳತಿಯರ ಕೈಲಿ ಒಂದೊಂದು ಸ್ಟಾರ್ ಹಾಕಿಸಬೇಡ. ಎಲ್ಲಕ್ಕಿಂತ ಮುಖ್ಯ, "ನನ್ನ ಅಡ್ವಾನ್ಸ್ ಕೊಡಿ, ರಿವ್ಯೂ ತೆಗೀತೀನಿ" ಎಂದು ಎಲ್ಲಿಯೂ ಬರೆಯಬೇಡ. ನಿನ್ನ ದುಡ್ಡನ್ನು ನೀನು ಕೇಳಿದ್ದೇ ಆದರೂ ಅವರು ಅದನ್ನು ಬೆದರಿಸಿ ವಸೂಲಿ ಮಾಡಿದ ಕಥೆಯಾಗಿ ತಿರುಗಿಸುತ್ತಾರೆ. ಆ ಮಾತು ವಕೀಲರ ಮೂಲಕ, ರಾಜಿಯ ಕರಾರಿನೊಳಗೆ ಬರಲಿ.

ರಾಜಿ ಬಂದರೆ ಬೇಡ ಅನ್ನಬೇಡ. ಓನರ್ ಕೂಡ ಸಾಲ ಮಾಡಿ ಕಟ್ಟಡ ಲೀಸಿಗೆ ಹಿಡಿದಿರಬಹುದು. ಹೊಸ ಹುಡುಗಿಯರು ರಿವ್ಯೂ ನೋಡಿಯೇ ಬರುವ ಕಾಲ ಇದು, ಆತನಿಗೆ ಚುಚ್ಚಿರುವುದು ಸಹಜ. "ಕಳ್ಳ" ಎಂದದ್ದಕ್ಕೆ ವಿಷಾದ ಹೇಳು, ಅದರಲ್ಲಿ ಸಣ್ಣತನ ಇಲ್ಲ. ಆದರೆ "ನಾನು ಬರೆದದ್ದೆಲ್ಲ ಸುಳ್ಳು" ಎಂಬ ವಾಕ್ಯದ ಕೆಳಗೆ ಮಾತ್ರ ಸಹಿ ಹಾಕಬೇಡ, ಯಾರೇ ಹೇಳಲಿ, ನಿಮ್ಮಪ್ಪನೇ ಹೇಳಲಿ. ಅಡ್ವಾನ್ಸ್ ವಾಪಸು, ಎರಡೂ ಕಡೆ ಮುಂದೆ ಕೇಸಿಲ್ಲ, ಇಷ್ಟನ್ನೂ ಕಾಗದದಲ್ಲಿ ಬರೆಸಿಕೋ.

ರಾಜಿ ಆಗದಿದ್ದರೂ ಕಾಲ ನಿನ್ನ ಕಡೆಗೇ ಇದೆ. ಮಾನನಷ್ಟದ ಸಿವಿಲ್ ದಾವೆಗೆ ಅವರಿಗೆ ಇರುವುದು ಪ್ರಕಟವಾದ ದಿನದಿಂದ ಒಂದು ವರ್ಷ. ಗ್ರಾಹಕ ಆಯೋಗಕ್ಕೆ ಹೋಗಲು ನಿನಗೆ ಎರಡು ವರ್ಷ. ನೋಟಿಸಿನ ಗಲಾಟೆಯಲ್ಲಿ ನಿನ್ನ 9,000 ಮರೆತುಹೋಗಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸು. ನೋಟಿಸಿಗೆ ಉತ್ತರ ಬರೆಸಲು ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವು ಇದೆ, ನಂಬರು 15100.

ಉತ್ತರದ ಕರಡು ಒಂದು ಪುಟ ಮೀರದಿರಲಿ. ಕಳಿಸುವ ಮುಂಚೆ ನನಗೊಮ್ಮೆ ತೋರಿಸು. ನಿನ್ನಮ್ಮನಿಗೆ ನಾನು ಎಲ್ಲ ಬಿಡಿಸಿ ಹೇಳಿದ್ದೇನೆ. ಆದರೂ ಇವತ್ತು ರಾತ್ರಿ ನೀನೇ ಅವಳಿಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ