ಕ್ಷಯಕಾಲದಲ್ಲಿ ಮುಖ್ಯಸ್ಥನ ಧರ್ಮ

ವಿದ್ಯಾಸಂಸ್ಥೆಯ ವೃದ್ಧಿಕಾಲದಲ್ಲಿ ಅದರ ಮುಖ್ಯಸ್ಥನ ಗುಣ ಸುಲಭವಾಗಿ ಪ್ರಕಟವಾಗುವುದಿಲ್ಲ. ಮಕ್ಕಳು ತುಂಬಿ ಹೊಸ ಕೊಠಡಿಗಳು ಏಳುತ್ತಿರುವಾಗ ಯಾರಾದರೂ ಉದಾರಿಗಳಾಗಬಲ್ಲರು. ದಾಖಲಾತಿ ಇಳಿದು ತರಗತಿಯ ವಿಭಾಗಗಳು ಒಂದೊಂದಾಗಿ ಮುಚ್ಚತೊಡಗಿದಾಗ ಆತನ ನಿಜವಾದ ತೂಕ ತಿಳಿಯುತ್ತದೆ. ಸಣ್ಣ ಊರುಗಳ ಅನೇಕ ಕನ್ನಡ ಮಾಧ್ಯಮ ಶಾಲೆಗಳಿಗೆ ಈ ಪರೀಕ್ಷೆ ಇಂದು ಒದಗಿದೆ.

ಶಿಕ್ಷಕರ ಸಂಖ್ಯೆ ಮಕ್ಕಳ ಸಂಖ್ಯೆಯನ್ನು ಅನುಸರಿಸಬೇಕೆಂಬುದು ಒಪ್ಪತಕ್ಕ ಮಾತೇ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ರ ತನಕ ಮೂವರು ಶಿಕ್ಷಕರೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಎಷ್ಟು ಮಂದಿ ಎಂಬ ಪ್ರಶ್ನೆಗೆ ಲೆಕ್ಕವು ಉತ್ತರಿಸಬಲ್ಲದು. ಯಾರನ್ನು, ಹೇಗೆ ಎಂಬುದಕ್ಕೆ ಉತ್ತರಿಸಲಾರದು.

ಕಾರ್ಖಾನೆಯ ಕೆಲಸಗಾರನ ವಿಷಯದಲ್ಲಿ ಶಾಸನವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿದ ಅಧ್ಯಾಯವು ನಾಲ್ಕು ನಿಯಮಗಳನ್ನು ವಿಧಿಸಿತು: ಒಂದು ತಿಂಗಳ ಮುನ್ಸೂಚನೆ, ಸೇವೆಯ ವರ್ಷವೊಂದಕ್ಕೆ 15 ದಿನದ ವೇತನದಂತೆ ಪರಿಹಾರ, ಸಾಮಾನ್ಯವಾಗಿ ಕೊನೆಗೆ ಬಂದವನೇ ಮೊದಲು ಹೋಗತಕ್ಕದ್ದು, ಈ ಕ್ರಮ ತಪ್ಪಿದರೆ ಕಾರಣವನ್ನು ಬರೆದಿಡತಕ್ಕದ್ದು, ಮುಂದೆ ನೇಮಕವಾಗುವಾಗ ಹೋದವನಿಗೇ ಆದ್ಯತೆ. ಆದರೆ 1988ರಲ್ಲಿ ಗೋವೆಯ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ, ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ಕೆಲಸಗಾರರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಬೋಧನೆಯು ಉದಾತ್ತ ವೃತ್ತಿಯೆಂಬ ಗೌರವ ಉಳಿಯಿತು. ಈ ನಾಲ್ಕು ರಕ್ಷಣೆಗಳು ದೊರೆಯಲಿಲ್ಲ. ಉಪದಾನವೂ 2004ರ ತೀರ್ಪಿನಿಂದ ಕೈತಪ್ಪಿ, 2009ರ ತಿದ್ದುಪಡಿಯಿಂದ ಶಿಕ್ಷಕರಿಗೆ ಮರಳಿತು. ರಾಜ್ಯಗಳ ಶಿಕ್ಷಣ ಕಾಯಿದೆಗಳು ಕೆಲಮಟ್ಟಿಗೆ ಆಸರೆಯಾಗಿವೆ. ಉಳಿದುದೆಲ್ಲ ಮುಖ್ಯಸ್ಥನ ಅಂತಃಕರಣಕ್ಕೆ ಸೇರಿದುದು.

ಶಾಸನವು ಬಿಟ್ಟುದನ್ನು ಧರ್ಮವು ಹಿಡಿಯಬೇಕು. ಆ ನಾಲ್ಕು ನಿಯಮಗಳನ್ನು ಆಡಳಿತ ಮಂಡಳಿಯು ಸ್ವಇಚ್ಛೆಯಿಂದ ತನಗೆ ತಾನೇ ವಿಧಿಸಿಕೊಳ್ಳಬಹುದು. ಅದಕ್ಕೂ ಮೊದಲು ಸಮಾರಂಭ, ವಾಹನ, ಅಲಂಕಾರಗಳ ವೆಚ್ಚವನ್ನು ಮೊಟಕುಗೊಳಿಸಿ, ಆಯವ್ಯಯದ ಲೆಕ್ಕವನ್ನು ಶಿಕ್ಷಕರೆಲ್ಲರ ಮುಂದೆ ಇಡಬೇಕು. ವೇತನ ಹೆಚ್ಚೆಂದು ಹಿರಿಯನನ್ನೂ ಎದುರು ಮಾತನಾಡಿದನೆಂದು ನಿಷ್ಠುರವಾದಿಯನ್ನೂ ಆರಿಸುವುದು ಸಲ್ಲದು. ಗಣಿತಕ್ಕೆ ಇರುವವನೊಬ್ಬನೇ ಕಿರಿಯನಾದರೆ ಅವನನ್ನು ಉಳಿಸಿಕೊಳ್ಳಲಿ. ಆದರೆ ಕಾರಣವು ಬರವಣಿಗೆಯಲ್ಲಿರಲಿ. ವರ್ಷದ ನಡುವೆ ಯಾರನ್ನೂ ಕಳುಹಿಸದಿರಲಿ. ಎಲ್ಲಕ್ಕಿಂತ ಹೇಯವಾದುದು, ಒತ್ತಾಯದಿಂದ ರಾಜೀನಾಮೆ ಬರೆಸಿಕೊಂಡು ಅದನ್ನು ಸ್ವಇಚ್ಛೆಯೆಂದು ಕರೆಯುವುದು. ಅಪ್ರಿಯವಾದ ಸುದ್ದಿಯನ್ನು ಗುಮಾಸ್ತನ ಕೈಯ ಲಕೋಟೆಯಲ್ಲಿ ಕಳುಹಿಸದೆ ಮುಖ್ಯಸ್ಥನೇ ಎದುರು ಕುಳಿತು ಹೇಳಬೇಕು.

ದಾನಿಗಳಿಗೂ ಇದರಲ್ಲಿ ಪಾಲುಂಟು. ಕಟ್ಟಡಕ್ಕೆ ಕೊಡುವ ದತ್ತಿಯ ಒಂದಂಶವನ್ನು ಹೀಗೆ ಅಗಲುವ ಶಿಕ್ಷಕರ ನಿಧಿಗೆ ಮೀಸಲಿಟ್ಟರೆ, ಅದು ಗೋಡೆಯ ಮೇಲಿನ ಹೆಸರಿಗಿಂತ ಹೆಚ್ಚು ಕಾಲ ಬಾಳೀತು.

ಒಬ್ಬ ಗುರುವನ್ನು ಹೇಗೆ ಬೀಳ್ಕೊಡಲಾಯಿತೆಂಬುದನ್ನು ಉಳಿದ ಗುರುಗಳು ನೋಡುತ್ತಾರೆ, ಮಕ್ಕಳೂ ನೋಡುತ್ತಾರೆ. ಪಠ್ಯದಲ್ಲಿಲ್ಲದ ಆ ಪಾಠವನ್ನು ಅವರು ಮರೆಯುವುದಿಲ್ಲ.