ಅಳತೆಯ ನಿಷ್ಠೆ: ರೈಲುಬಂಡಿಗಳ ಕಿರುರೂಪ ನಿರ್ಮಾಣ ಮತ್ತು ಸಂಗ್ರಹ

ಹಿರಿದಾದುದನ್ನು ಕಿರಿದಾಗಿ ರೂಪಿಸಿ ಕಣ್ಣೆದುರು ನಿಲ್ಲಿಸಿಕೊಳ್ಳಬೇಕೆಂಬ ಹಂಬಲ ಮಾನವನಿಗೆ ಹೊಸದಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ, ಇಟಗಿಯ ಮಹಾದೇವ ಮೊದಲಾದ ದೇವಾಲಯಗಳ ಹೊರಗೋಡೆಗಳಲ್ಲಿ, ಗೋಡೆಗಂಬಗಳ ಮೇಲೆ ಕೆತ್ತಿರುವ ಪುಟ್ಟ ಶಿಖರಗಳನ್ನು ಕಂಡವರಿಗೆ ಇದು ಮನವರಿಕೆಯಾಗದಿರದು. ದೊಡ್ಡ ಗುಡಿಯ ಮೈಮೇಲೆಯೇ ಗುಡಿಯ ಕಿರುರೂಪವನ್ನು ಕಂಡರಿಸಿದ ಆ ಶಿಲ್ಪಿಗಳು ವಿನೋದಕ್ಕಾಗಿ ಹಾಗೆ ಮಾಡಿದವರಲ್ಲ. ಕಿರಿದರಲ್ಲಿಯೂ ಅಂಗಾಂಗಗಳ ಪ್ರಮಾಣ ಕೆಡಬಾರದೆಂಬ ವ್ರತ ಅವರದಾಗಿತ್ತು. ಅದೇ ಹಂಬಲವು ಯಂತ್ರಯುಗದಲ್ಲಿ ತಾಳಿದ ರೂಪಗಳಲ್ಲಿ, ರೈಲು ಎಂಜಿನ್ನು ಹಾಗೂ ವ್ಯಾಗನ್ನುಗಳ ಕಿರುರೂಪಗಳನ್ನು ಕಟ್ಟುವ ಮತ್ತು ಕೂಡಿಡುವ ಹವ್ಯಾಸವೂ ಒಂದು. ಇದನ್ನು ಸಿರಿವಂತರ ಕಾಲಹರಣವೆಂದೋ ಮಕ್ಕಳಾಟವೆಂದೋ ತಳ್ಳಿಹಾಕುವವರುಂಟು. ಆದರೆ ಇದರ ಒಳಹೊಕ್ಕು ನೋಡಿದಾಗ ಗಣಿತ, ಲೋಹವಿದ್ಯೆ, ಚಿತ್ರಕಲೆ, ಇತಿಹಾಸಗಳು ಒಂದೆಡೆ ಕೂಡಿ, ಕೈ ಮತ್ತು ಮನಸ್ಸುಗಳೆರಡನ್ನೂ ಪಳಗಿಸುವ ಶಿಕ್ಷಣವಾಗಿ ಇದು ತೋರಿಬರುತ್ತದೆ.

ಆಟಿಕೆ ಮತ್ತು ಪ್ರತಿಕೃತಿ

ಮೊದಲು ಆಟಿಕೆಗೂ ಪ್ರತಿಕೃತಿಗೂ ಇರುವ ಭೇದವನ್ನು ತಿಳಿಯುವುದು ಯುಕ್ತ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲುಬಂಡಿ ಅತ್ಯಂತ ಮನೋಹರವಾದ ವಸ್ತು. ಮಗುವಿಗೆ ಅದು ರೈಲಿನ ಭಾವವನ್ನು ಕೊಡುತ್ತದೆ, ಆದರೆ ಇಂಥದೇ ರೈಲೆಂದು ಹೇಳುವುದಿಲ್ಲ. ಹೇಳಬೇಕಾದ ಹೊಣೆಯೂ ಅದಕ್ಕಿಲ್ಲ. ಪ್ರತಿಕೃತಿಯಾದರೋ ಒಂದು ನಿರ್ದಿಷ್ಟ ಎಂಜಿನ್ನಿನ, ನಿರ್ದಿಷ್ಟ ಕಾಲದ ಸಾಕ್ಷಿ. ಅದರ ಚಕ್ರಗಳೆಷ್ಟು, ಕೊಳವೆಯ ಎತ್ತರವೆಷ್ಟು, ನೀರಿನ ತೊಟ್ಟಿಯ ಅಂಚಿನಲ್ಲಿ ಎಷ್ಟು ರಿವೆಟ್ಟುಗಳು ಎಂಬ ಪ್ರಶ್ನೆಗಳಿಗೆಲ್ಲ ಅದು ಉತ್ತರ ಕೊಡಬೇಕು. ಆಟಿಕೆಯ ಗುಣ ರಂಜನೆ. ಪ್ರತಿಕೃತಿಯ ಗುಣ ಸತ್ಯನಿಷ್ಠೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಲೋಕದಲ್ಲಿ ಮೂಲವು ಮೊದಲು, ಪ್ರತಿಕೃತಿ ಅನಂತರ ಎಂಬುದು ರೂಢಿ. ಉಗಿಬಂಡಿಯ ವಿಷಯದಲ್ಲಿ ಕ್ರಮವು ತಿರುವುಮುರುವಾಗಿದೆ. ವಿಲಿಯಂ ಮರ್ಡಾಕ್ ಎಂಬಾತ 1784ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಮೂರು ಚಕ್ರಗಳ ಪುಟ್ಟ ಉಗಿಬಂಡಿಯೊಂದನ್ನು ಮಾಡಿ, ಸ್ಪಿರಿಟ್ ದೀಪದ ಉರಿಯಿಂದ ಓಡಿಸಿದ. ರಿಚರ್ಡ್ ಟ್ರೆವಿಥಿಕ್ಕನೂ 1797ರ ಸುಮಾರಿಗೆ ಕಿರುಮಾದರಿಗಳಲ್ಲಿ ಪ್ರಯೋಗ ನಡೆಸಿ, ಆಮೇಲೆ 1804ರಲ್ಲಿ ವೇಲ್ಸ್ ದೇಶದ ಪೆನಿಡ್ಯಾರನ್ನಿನಲ್ಲಿ ಹಳಿಗಳ ಮೇಲೆ ನಿಜವಾದ ಎಂಜಿನ್ನನ್ನು ಓಡಿಸಿದ. ಜಗತ್ತಿನ ನಡೆಯನ್ನೇ ಬದಲಿಸಿದ ಯಂತ್ರವು ಮೊದಲು ಮೇಜಿನ ಮೇಲೆ ಇಡಬಹುದಾದ ಗಾತ್ರದಲ್ಲಿ ಜನಿಸಿತೆಂಬುದನ್ನು ನೆನೆದರೆ, ಕಿರುರೂಪವನ್ನು ಹಗುರವಾಗಿ ಕಾಣುವುದು ಸಲ್ಲದು.

ಹವ್ಯಾಸವು ಬೆಳೆದು ಬಂದ ಬಗೆ

ರೈಲಿನ ಕಿರುರೂಪಗಳು ಮನೆಮನೆಯನ್ನು ಸೇರಿದ್ದು 19ನೆಯ ಶತಮಾನದ ಕೊನೆಯಲ್ಲಿ. ಜರ್ಮನಿಯ ಗೋಪಿಂಗೆನ್ ಪಟ್ಟಣದಲ್ಲಿ 1859ರಲ್ಲಿ ಆರಂಭವಾದ ಮಾರ್ಕ್ಲಿನ್ ಸಂಸ್ಥೆ ಮೊದಲು ಬೊಂಬೆಮನೆಗಳಿಗೆ ತಗಡಿನ ಪಾತ್ರೆಪರಡಿಗಳನ್ನು ಮಾಡುತ್ತಿತ್ತು. ಅದು 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಚಾವಿ ಕೊಟ್ಟರೆ ಓಡುವ ರೈಲನ್ನೂ, ಒಂದಕ್ಕೊಂದು ಜೋಡಿಸಬಹುದಾದ ಹಳಿಗಳನ್ನೂ ಮುಂದಿಟ್ಟಿತು. ಅದರ ಹಿರಿಮೆಯಿದ್ದದ್ದು ಚಾವಿಯಲ್ಲಲ್ಲ, ಹಳಿಗಳ ಅಂತರಕ್ಕೆ ನಿಯತವಾದ ಅಳತೆಗಳನ್ನು ಗೊತ್ತುಮಾಡಿ ಅವುಗಳಿಗೆ ಅಂಕೆಗಳನ್ನು ಕೊಟ್ಟದ್ದರಲ್ಲಿ. ಇಂದು ಕೊಂಡ ಎಂಜಿನ್ನು ನಾಳೆ ಕೊಳ್ಳುವ ಹಳಿಯ ಮೇಲೂ ಓಡಬೇಕಾದರೆ ಮಾಡುವವನಿಗೂ ಕೊಳ್ಳುವವನಿಗೂ ಸಮ್ಮತವಾದ ಒಂದು ಅಳತೆ ಬೇಕಷ್ಟೆ.

ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಎಂಬ ವರ್ತಕನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯ ಕುಶಲತೆಯನ್ನು ಕಂಡು, ಬ್ರಿಟಿಷ್ ಎಂಜಿನ್ನುಗಳ ನಿಜರೂಪಕ್ಕೆ ಸಮೀಪವಾದ ಪ್ರತಿಕೃತಿಗಳನ್ನು ಆ ಸಂಸ್ಥೆಯಿಂದ ಮಾಡಿಸತೊಡಗಿದ. ತೂತುಗಳುಳ್ಳ ಲೋಹದ ಪಟ್ಟಿಗಳಿಂದ ಯಂತ್ರಗಳನ್ನು ಕಟ್ಟುವ ಮೆಕ್ಯಾನೊ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದಿದ್ದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯು 1920ರಿಂದ ರೈಲುಗಳನ್ನೂ ಮಾರುಕಟ್ಟೆಗೆ ತಂದ. ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ರೈಲುಗಳು ಜರ್ಮನಿಯಲ್ಲಿ 1935ರಲ್ಲಿ, ಇಂಗ್ಲೆಂಡಿನಲ್ಲಿ ಹಾರ್ನ್‌ಬಿ ಡಬ್ಲೊ ಎಂಬ ಹೆಸರಿನಿಂದ 1938ರಲ್ಲಿ ಬಂದವು. 1972ರಲ್ಲಿ ಮಾರ್ಕ್ಲಿನ್ ಸಂಸ್ಥೆಯೇ 220ರಲ್ಲಿ ಒಂದು ಪಾಲಿನ, ಕೇವಲ 6.5 ಮಿಲಿಮೀಟರ್ ಹಳಿಯಂತರದ ರೈಲನ್ನು ತಯಾರಿಸಿತು.

ಪ್ರಮಾಣದ ಸಮಸ್ಯೆ

ವಿಗ್ರಹಶಿಲ್ಪದಲ್ಲಿ ಮುಖದ ಉದ್ದವನ್ನು ಒಂದು ತಾಲವೆಂದು ಎಣಿಸಿ, ನವತಾಲ ದಶತಾಲಗಳೆಂದು ಇಡೀ ಮೂರ್ತಿಯನ್ನು ಅಳೆಯುವ ಕ್ರಮವುಂಟು. ಕಿರುರೂಪದ ರೈಲಿನಲ್ಲಿಯೂ ಇಂಥದೇ ಒಂದು ಮೂಲಮಾನ ಬೇಕು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್.ಓ. ಪ್ರಮಾಣದಲ್ಲಿ ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು ಪ್ರತಿಕೃತಿಯ ಅಳತೆ. 20 ಮೀಟರ್ ಉದ್ದದ ಎಂಜಿನ್ನು 23 ಸೆಂಟಿಮೀಟರಿಗೆ ಇಳಿಯುತ್ತದೆ. ಯೂರೋಪಿನ 1435 ಮಿಲಿಮೀಟರ್ ಹಳಿಯಂತರ 16.5 ಮಿಲಿಮೀಟರ್ ಆಗುತ್ತದೆ.

ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲವೆಂಬುದೇ ಈ ವಿದ್ಯೆಯ ಮರ್ಮ. ಉದ್ದವು 87ನೆಯ ಒಂದು ಪಾಲಾದಾಗ ಗಾತ್ರವು ಅದರ ಘನದಷ್ಟು, ಎಂದರೆ 6 ಲಕ್ಷ 58 ಸಾವಿರಕ್ಕೂ ಮಿಕ್ಕ ಪಾಲುಗಳಲ್ಲಿ ಒಂದಾಗುತ್ತದೆ. ಆ ಲೆಕ್ಕದಂತೆ 100 ಟನ್ ತೂಕದ ಎಂಜಿನ್ನಿನ ಪ್ರತಿಕೃತಿ ಸುಮಾರು 150 ಗ್ರಾಂ ಮಾತ್ರ ತೂಗಬೇಕು. ಅಷ್ಟು ಹಗುರವಾದ ಎಂಜಿನ್ನು ಉದ್ದವಾದ ಬಂಡಿಸಾಲನ್ನು ಎಳೆಯಹೊರಟರೆ ಚಕ್ರಗಳು ನಿಂತಲ್ಲೇ ಜಾರುವುದುಂಟು. ಆದುದರಿಂದ ನಿರ್ಮಾಪಕನು ಅದರೊಳಗೆ ಸೀಸದ ತುಂಡುಗಳನ್ನಿಟ್ಟು ತೂಕ ಹೆಚ್ಚಿಸುತ್ತಾನೆ. 10 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆ ಪ್ರಮಾಣದಂತೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳ್ಳಗಾಗಬೇಕು. ಅಂಥ ತಗಡು ಕೈ ತಗುಲಿದರೆ ಮುದುರೀತು. ನಿಜವಾದ ಹಳಿಯ 175 ಮೀಟರ್ ತ್ರಿಜ್ಯದ ತಿರುವು ಕಿರುರೂಪದಲ್ಲಿ ಎರಡು ಮೀಟರ್ ಬೇಡುತ್ತದೆ. ಮನೆಯ ಕೋಣೆಯಲ್ಲಿ ಅದಕ್ಕೆ ಎಡೆಯಿಲ್ಲದೆ, ಅರ್ಧ ಮೀಟರಿನ ತಿರುವಿಗೆ ತೃಪ್ತರಾಗಬೇಕಾಗುತ್ತದೆ. ಎಲ್ಲಿ ಸತ್ಯವನ್ನು ಬಿಡದೆ ಹಿಡಿಯಬೇಕು, ಎಲ್ಲಿ ಅನಿವಾರ್ಯಕ್ಕೆ ತಲೆಬಾಗಬೇಕು ಎಂಬ ವಿವೇಕವೇ ಇಲ್ಲಿ ನಿರ್ಮಾಪಕನ ಪರೀಕ್ಷೆ.

ಈ ವಿವೇಕಕ್ಕೆ ಬ್ರಿಟನ್ನಿನ ಉದಾಹರಣೆ ಬೋಧಪ್ರದವಾಗಿದೆ. ಆ ದೇಶದ ಎಂಜಿನ್ನುಗಳು ಯೂರೋಪಿನ ಇತರ ಎಂಜಿನ್ನುಗಳಿಗಿಂತ ಮೈಯಲ್ಲಿ ಕಿರಿದು. 87ನೆಯ ಪಾಲಿಗೆ ಇಳಿಸಿದಾಗ ಅಂದಿನ ವಿದ್ಯುತ್ ಮೋಟಾರು ಅವುಗಳ ಒಡಲಿನಲ್ಲಿ ಹಿಡಿಸಲಿಲ್ಲ. ಆದುದರಿಂದ ತಯಾರಕರು ಒಡಲನ್ನು ಮಾತ್ರ ಒಂದು ಅಡಿಗೆ 4 ಮಿಲಿಮೀಟರಿನಂತೆ ಹಿಗ್ಗಿಸಿ, ಹಳಿಯನ್ನು 16.5 ಮಿಲಿಮೀಟರಿಗೇ ಬಿಟ್ಟರು. ಫಲವಾಗಿ ದೊಡ್ಡ ಮೈಯ ಬಂಡಿ ಇಕ್ಕಟ್ಟಾದ ಹಳಿಯ ಮೇಲೆ ನಿಂತಂತಾಯಿತು. ನಿಜದ ಲೆಕ್ಕದಲ್ಲಿ ಸುಮಾರು 178 ಮಿಲಿಮೀಟರಿನ, ಎಂದರೆ ಏಳು ಅಂಗುಲಗಳ ಕೊರತೆ! ಬಹುಜನರು ಈ ರಾಜಿಯನ್ನು ಒಪ್ಪಿ ನಡೆದರು. ಒಪ್ಪದ ಕೆಲವರು 18.2 ಮಿಲಿಮೀಟರಿನ ಹಳಿಯನ್ನು ತಾವೇ ಹಾಕಿಕೊಂಡರು. 1960ರ ದಶಕದಲ್ಲಿ ಇನ್ನೂ ಕಟ್ಟುನಿಟ್ಟಾದ ಒಂದು ಬಳಗವು ಲೆಕ್ಕಕ್ಕೆ ಸರಿಯಾದ 18.83 ಮಿಲಿಮೀಟರನ್ನೇ ಹಿಡಿಯಿತು. ಅಂಗಡಿಯಲ್ಲಿ ಆ ಅಳತೆಯ ಸಿದ್ಧವಸ್ತು ದೊರೆಯದು. ಚಕ್ರ, ಹಳಿ, ಕವಲುಹಳಿಗಳನ್ನೆಲ್ಲ ತಾವೇ ಹೊಂದಿಸಿಕೊಳ್ಳಬೇಕು. ಎರಡೂಕಾಲು ಮಿಲಿಮೀಟರಿನಷ್ಟು ಸತ್ಯಕ್ಕಾಗಿ ವರ್ಷಗಟ್ಟಲೆ ದುಡಿದವರ ಛಲವನ್ನು ಹುಚ್ಚೆಂದವರೂ ಇದ್ದಾರೆ, ನಿಷ್ಠೆಯೆಂದವರೂ ಇದ್ದಾರೆ.

ನಿರ್ಮಾಣದ ಕ್ರಮ

ಕಲಿಯುವವನು ಎಂಜಿನ್ನಿನಿಂದಲ್ಲ, ನಾಲ್ಕು ಚಕ್ರಗಳ ಸಾಧಾರಣ ಗೂಡ್ಸ್ ವ್ಯಾಗನ್ನಿನಿಂದ ಆರಂಭಿಸುವುದು ಲೇಸು. ಮೊದಲು ಮೂಲವಸ್ತುವಿನ ಅಳತೆ ಮತ್ತು ಛಾಯಾಚಿತ್ರಗಳ ಸಂಗ್ರಹ, ಅದರಿಂದ ನಕ್ಷೆ, ನಕ್ಷೆಯಿಂದ ಕಾಲು ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನ ಮೇಲೆ ಗೆರೆ. ಗೆರೆಯ ಹೊರಗೆ ಕತ್ತರಿಸಿ, ಗೆರೆಯವರೆಗೆ ಅರದಿಂದ ಉಜ್ಜಬೇಕು. ಹೆಚ್ಚು ಉಳಿದರೆ ಉಜ್ಜಬಹುದು, ಕಡಿಮೆಯಾದುದನ್ನು ಕೂಡಿಸಲಾಗದು. ರಿವೆಟ್ಟಿನ ತಲೆಗಳನ್ನು ತಗಡಿನ ಹಿಂಬದಿಯಿಂದ ಮೊನೆಯುಳಿಯಿಂದ ಒತ್ತಿ ಎಬ್ಬಿಸುತ್ತಾರೆ. ಅನಂತರ ಬೆಸುಗೆ. ಹಾಳೆಗಳ ಅಂಚು ಶುದ್ಧವಾಗಿಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲವೆಂಬುದನ್ನು ಕೈಯೇ ಕಲಿಸಬೇಕು.

ಇಲ್ಲಿ ಒಂದು ಸ್ವಾರಸ್ಯವಾದ ತೊಡಕು ಎದುರಾಗುತ್ತದೆ. ಬಿಗಿಯಾದ ಚೌಕಟ್ಟಿಗೆ ನಾಲ್ಕು ಚಕ್ರಗಳನ್ನು ಜೋಡಿಸಿದಾಗ, ಹಳಿ ಎಳ್ಳಷ್ಟು ಏರುಪೇರಾದರೂ ಒಂದು ಚಕ್ರ ಮೇಲೆದ್ದು ಬಂಡಿ ಹಳಿ ತಪ್ಪುತ್ತದೆ. ಮಣ್ಣಿನ ನೆಲದ ಮೇಲೆ ನಾಲ್ಕು ಕಾಲಿನ ಮೇಜು ಅಲುಗಾಡುತ್ತದೆ, ಮೂರು ಕಾಲಿನದು ಅಲುಗದೆ ನಿಲ್ಲುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆ ತತ್ತ್ವವನ್ನೇ ಇಲ್ಲಿ ಬಳಸಿ, ಒಂದು ಅಚ್ಚನ್ನು ಸ್ಥಿರವಾಗಿಟ್ಟು ಮತ್ತೊಂದನ್ನು ನಡುವಿನ ಬಿಂದುವಿನ ಮೇಲೆ ತಕ್ಕಡಿಯಂತೆ ತೂಗುವ ಹಾಗೆ ಕೂಡಿಸುತ್ತಾರೆ. ಆಗ ಬಂಡಿಯ ಭಾರ ಮೂರು ಬಿಂದುಗಳ ಮೇಲೆ ನಿಂತು, ನಾಲ್ಕು ಚಕ್ರಗಳೂ ಹಳಿಯನ್ನು ಬಿಡದೆ ಹಿಡಿಯುತ್ತವೆ. ರೇಖಾಗಣಿತದ ಪಾಠವನ್ನು ಕರಿಹಲಗೆಯ ಮೇಲೆ ಓದಿದ ಬಾಲಕನು ಅದನ್ನು ಬೆರಳ ತುದಿಯಲ್ಲಿ ಅನುಭವಿಸುವ ಕ್ಷಣವಿದು. ಕೊನೆಗೆ ಬಣ್ಣ, ಅಕ್ಷರ, ಧೂಳು ತುಕ್ಕುಗಳ ಛಾಯೆ. ಹೊಚ್ಚಹೊಸದಾಗಿ ಹೊಳೆಯುವ ಗೂಡ್ಸ್ ವ್ಯಾಗನ್ನು ನಿಜವೆನಿಸುವುದು ಅಪರೂಪ. ದುಡಿದ ವಸ್ತುವಿನ ಮೈಮೇಲೆ ದುಡಿಮೆಯ ಗುರುತು ಇರಲೇಬೇಕು.

ಸಂಗ್ರಹದ ಧರ್ಮ

ಕಟ್ಟುವುದು ಒಂದು ಬಗೆಯಾದರೆ ಕೂಡಿಡುವುದು ಮತ್ತೊಂದು ಬಗೆ. ಹಳೆಯ ತಗಡಿನ ಎಂಜಿನ್ನುಗಳ ಸಂಗ್ರಾಹಕರು ಮೂಲದ ಬಣ್ಣ ಮಾಸಿದ್ದರೂ ಅದನ್ನೇ ಗೌರವಿಸುತ್ತಾರೆ. ಹೊಸ ಬಣ್ಣ ಬಳಿದರೆ ಬೆಲೆಯೂ ಕುಗ್ಗುತ್ತದೆ, ಸಾಕ್ಷ್ಯವೂ ಅಳಿಯುತ್ತದೆ. ತಾಳೆಗರಿಯ ಪ್ರತಿಯನ್ನು ತಿದ್ದಿ ಬರೆದವನಿಗಿಂತ, ಹುಳು ತಿಂದ ಎಡೆಯನ್ನು ಹಾಗೆಯೇ ತೋರಿಸಿದವನು ಗ್ರಂಥಸಂಪಾದನೆಗೆ ಹೆಚ್ಚು ಉಪಕಾರಿ ಎಂಬುದನ್ನು ಬಲ್ಲವರಿಗೆ ಇದು ಅಪರಿಚಿತ ನ್ಯಾಯವಲ್ಲ.

ಸಂಗ್ರಾಹಕರನ್ನು ಕಾಡುವ ವ್ಯಾಧಿಯೊಂದುಂಟು. 1930ರ ದಶಕದ ಅನೇಕ ಎಂಜಿನ್ನುಗಳ ಚಕ್ರ ಮತ್ತು ಎರಕದ ಭಾಗಗಳು ಸತುವಿನ ಮಿಶ್ರಲೋಹದವು. ಆ ಎರಕದಲ್ಲಿ ಸೀಸವೇ ಮೊದಲಾದ ಕಲ್ಮಷ ಎಳ್ಳಷ್ಟು ಸೇರಿದ್ದರೂ, ದಶಕಗಳ ಅನಂತರ ಲೋಹವು ಒಳಗಿಂದಲೇ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಮಾರಿದ ದಿನ ವಸ್ತು ಥಳಥಳಿಸುತ್ತಿತ್ತು. ದೋಷ ಯಾರಿಗೂ ಕಾಣುತ್ತಿರಲಿಲ್ಲ. ಒಮ್ಮೆ ಬಿರಿದುದಕ್ಕೆ ಮದ್ದಿಲ್ಲ. ಅಡಗಿದ ಕಲ್ಮಷವನ್ನು ಕಾಲವು ತಪ್ಪದೆ ಬಯಲಿಗೆ ತರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೆ?

ಅಳಿಯುವುದನ್ನು ಉಳಿಸುವ ಕಾಯಕ

ಈ ಹವ್ಯಾಸವು ಲೋಕೋಪಯೋಗಿಯಾದ ಕಾಯಕವಾಗಿ ಪರಿಣಮಿಸಿದ ನಿದರ್ಶನಗಳಿವೆ. ಆಸ್ಟ್ರೇಲಿಯದಿಂದ 1925ರಲ್ಲಿ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣ ಅಲ್ಲಿಯ ಹಳ್ಳಿಗಳ ಹುಲ್ಲುಮಾಡಿನ ಮನೆಗಳು ಕಣ್ಣೆದುರಿಗೇ ರೂಪಗೆಡುತ್ತಿರುವುದನ್ನು ಕಂಡ. ಅವುಗಳನ್ನು ತಡೆದು ನಿಲ್ಲಿಸುವ ಶಕ್ತಿ ಆತನಿಗಿರಲಿಲ್ಲ. ಅಳೆದು ಇಡುವ ತಾಳ್ಮೆಯಿತ್ತು. ರಟ್ಟು, ಬಣ್ಣ, ನಾರುಗಳಿಂದ ಒಂದೊಂದೇ ಮನೆಯನ್ನು ಪ್ರಮಾಣಬದ್ಧವಾಗಿ ಕಟ್ಟತೊಡಗಿ, 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಪೆಂಡನ್ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ. ಮುಂದೆ ಅನೇಕ ಸ್ವಯಂಸೇವಕರು ಕೈಜೋಡಿಸಿದರು; 1920-30ರ ದಶಕಗಳ ಒಂದು ಕಣಿವೆಯೇ, ಅದರ ರೈಲುಗಳೊಡನೆ, ಅಲ್ಲಿ ಕಿರುರೂಪದಲ್ಲಿ ನೆಲೆಗೊಂಡಿದೆ. ಪೀಟರ್ ಡೆನಿ ಎಂಬ ಕ್ರೈಸ್ತ ಪಾದ್ರಿಯು ಬಕಿಂಗ್‌ಹ್ಯಾಮ್ ಎಂಬ ಕಿರುರೈಲುಮಾರ್ಗವನ್ನು ದಶಕಗಳ ಕಾಲ ಕಟ್ಟಿ, ವೇಳಾಪಟ್ಟಿಯಂತೆ ನಡೆಸಿದರು. ಜೊತೆಯ ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದ ಮಗನ ಬದಲಿಗೆ, ಗಂಟೆಯ ಸಂಕೇತಗಳನ್ನು ತಾನಾಗಿ ಕೊಡುವ ಯಂತ್ರವೊಂದನ್ನು ರಚಿಸಿ ಅದಕ್ಕೆ ಮಗನ ಹೆಸರನ್ನೇ ಇಟ್ಟರು. ದೇವಸೇವೆಯೂ ಕೈಗೆಲಸವೂ ಒಂದನ್ನೊಂದು ಕೆಡಿಸಲಿಲ್ಲ.

ಭಾರತದಲ್ಲಿ ಪುಣೆಯ ಭಾವೂಸಾಹೇಬ ಜೋಶಿಯವರ ಶ್ರಮದ ಫಲವಾಗಿ ಕಿರುರೈಲುಗಳ ವಸ್ತುಸಂಗ್ರಹಾಲಯವು 1998ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕನ್ನಡ ನಾಡಿನಲ್ಲಿ 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವು ನಿಜಗಾತ್ರದ ಎಂಜಿನ್ನುಗಳನ್ನೂ ಅರಮನೆಯ ಸಲೂನನ್ನೂ ರಕ್ಷಿಸಿದೆ. ಆದರೆ ಈ ನಾಡಿನ ರೈಲು ಇತಿಹಾಸದ ಬಹುಭಾಗ ಮೀಟರ್ ಗೇಜ್ ಹಳಿಯದು. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯ ಫಲವಾಗಿ ಆ ಹಳಿಗಳು ಬ್ರಾಡ್ ಗೇಜಾಗಿ ಮಾರ್ಪಟ್ಟವು. ಜನರಿಗೆ ಅದರಿಂದ ಆದ ಅನುಕೂಲ ಅಲ್ಪವಲ್ಲ. ಆದರೆ ಅದರೊಡನೆ ಒಂದು ಲೋಕವೇ ಕಣ್ಮರೆಯಾಯಿತು. ಮೀಟರ್ ಗೇಜಿನ ವೈ.ಪಿ. ಎಂಜಿನ್ನಿನ ಎಳೆಯುವ ಚಕ್ರದ ವ್ಯಾಸ 1372 ಮಿಲಿಮೀಟರ್. 87ನೆಯ ಪಾಲಿನಲ್ಲಿ ಅದು ಹದಿನಾರಕ್ಕೆ ಒಂದಿಷ್ಟು ಕಡಿಮೆ. ಹಳಿಯಂತರ ಹನ್ನೊಂದೂವರೆ, ಲೋಕದಲ್ಲಿ ಪ್ರಚಲಿತವಾದ 12 ಮಿಲಿಮೀಟರ್ ಹಳಿ ಅದಕ್ಕೆ ಬಹಳ ಸಮೀಪ. ಹೀಗೆ ಲೆಕ್ಕವೆಲ್ಲ ಅನುಕೂಲವಾಗಿಯೇ ಇದೆ. ಬೇಕಾದುದು ಅಳೆಯುವ ಕೈ. ಆ ಬಂಡಿಗಳನ್ನು ಓಡಿಸಿದ ಡ್ರೈವರುಗಳು, ಕಲ್ಲಿದ್ದಲು ಹಾಕಿದ ಫೈರ್‌ಮನ್ನರು, ಸುತ್ತಿಗೆ ಹಿಡಿದ ಫಿಟ್ಟರುಗಳು ವೃದ್ಧರಾಗಿದ್ದಾರೆ. ಯಾವ ಭಾಗಕ್ಕೆ ಯಾವ ಬಣ್ಣವಿತ್ತು, ಯಾವ ಅಂಗಳದಲ್ಲಿ ಯಾವ ಬಂಡಿ ನಿಲ್ಲುತ್ತಿತ್ತು ಎಂಬ ತಿಳಿವಳಿಕೆ ಅವರ ನೆನಪಿನಲ್ಲಿದೆ. ಅದನ್ನು ಬರೆದಿಡದಿದ್ದರೆ ಅವರೊಡನೆಯೇ ಅದು ಹೋಗುವುದು.

ಶರಣರು ಕಾಯಕದಲ್ಲಿ ಮೇಲು ಕೀಳುಗಳನ್ನು ಎಣಿಸಲಿಲ್ಲ, ಎಣಿಸಿದ್ದು ಶುದ್ಧಿಯನ್ನು. ವಿದ್ಯಾಲಯಗಳಲ್ಲಿ ಪುಸ್ತಕದ ಓದು ಹಿಗ್ಗಿ ಕೈಯ ಓದು ಕುಗ್ಗುತ್ತಿರುವ ಈ ದಿನಗಳಲ್ಲಿ, ಒಂದು ಹಳೆಯ ಬಂಡಿಯನ್ನು ಅಳೆದು, ನಕ್ಷೆ ಬರೆದು, ರಟ್ಟಿನಲ್ಲಾದರೂ ಕಟ್ಟಿ ನಿಲ್ಲಿಸುವ ವಿದ್ಯಾರ್ಥಿಯು ಹಲವು ಪಾಠಗಳನ್ನು ಒಟ್ಟಿಗೆ ಕಲಿಯುತ್ತಾನೆ. ಇದಕ್ಕೆ ಬೇಕಾದ ಉಪಕರಣ ಬಹಳವಿಲ್ಲ: ಅಳತೆಪಟ್ಟಿ, ಕತ್ತರಿ, ಅರ, ಬೆಸುಗೆಯ ಸಲಕರಣೆ, ಒಂದು ಮೇಜು, ಬೆಳಕಿರುವ ಒಂದು ಕೋಣೆ. ಉಪಾಧ್ಯಾಯರ ಮಾರ್ಗದರ್ಶನವೂ, ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯ ವಿದ್ಯಾರ್ಥಿಗಳ ಅನುಭವವೂ, ದಾನಿಗಳ ದಾಸೋಹಬುದ್ಧಿಯೂ ಕೂಡಿಬಂದರೆ ಅಂಥ ಕೋಣೆಯೊಂದು ಯಾವ ಶಾಲೆಗೂ ಭಾರವಾಗದು. ಅಲ್ಲಿ ಮೂಡುವ ಮೊದಲ ವ್ಯಾಗನ್ನು ಓರೆಯಾಗಿ ನಿಲ್ಲಬಹುದು, ಹಳಿಯನ್ನೂ ತಪ್ಪಬಹುದು. ಅಳೆದುದನ್ನು ಅಳೆದಂತೆಯೇ ಕಟ್ಟಬೇಕೆಂಬ ನಿಷ್ಠೆ ಒಂದು ಸಲ ಕೈಗೆ ಬಂದರೆ, ಅದು ಬಾಳಿನ ಇತರ ಕೆಲಸಗಳಿಗೂ ಒದಗುವುದರಲ್ಲಿ ಸಂಶಯವಿಲ್ಲ.