ಆರೈಕೆ, ಸವಲತ್ತು ಮತ್ತು ನಮ್ಮ ವಿಶ್ವಾಸ

ವಾಚನ: ಪ್ರೇಷಿತರ ಕಾರ್ಯಕಲಾಪಗಳು 6:1-6, ಮಾರ್ಕ 2:1-12

ಧರ್ಮಸಭೆಯ ಆರಂಭದ ದಿನಗಳಲ್ಲಿ ಜೆರುಸಲೇಮಿನಲ್ಲಿ ಒಂದು ಗೊಣಗಾಟ ಎದ್ದಿತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದೇ ಆ ದೂರು. ಪ್ರೇಷಿತರು ಅವರಿಗೆ ತಾಳ್ಮೆಯ ಉಪದೇಶ ಮಾಡಿ ಮನೆಗೆ ಕಳುಹಿಸಲಿಲ್ಲ. ಸಮುದಾಯವನ್ನೇ ಕರೆದು, ಒಳ್ಳೆಯ ಹೆಸರಿನ ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದವರ ಮೇಲೆ ಹಸ್ತವಿರಿಸಿ ಪ್ರಾರ್ಥಿಸಿದರು. ಹಂಚಿಕೆಯಲ್ಲಿ ಬಿಟ್ಟುಹೋದವರನ್ನು ಮರಳಿ ಸೇರಿಸುವ ಕೆಲಸಕ್ಕೂ ಪವಿತ್ರಾತ್ಮರ ಬಲ ಬೇಕೆಂದು ಧರ್ಮಸಭೆ ಅಂದೇ ಅರಿತಿತ್ತು.

ವಿದ್ಯಾರಣ್ಯಪುರ ಹಾಗೂ ಸುತ್ತಲಿನ ಬಡಾವಣೆಗಳಲ್ಲಿ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಅನೇಕರಿದ್ದಾರೆ. ಎಷ್ಟೋ ಮನೆಗಳ ಒಳಕೋಣೆಯಲ್ಲಿ ಪಾರ್ಶ್ವವಾಯು ಬಡಿದ ತಂದೆ, ನೆನಪು ಕಳೆದುಕೊಂಡ ತಾಯಿ, ಹುಟ್ಟಿನಿಂದ ಬುದ್ಧಿ ಬೆಳೆಯದ ಮಗ ಇದ್ದಾರೆ. ಅವರನ್ನು ನೋಡಿಕೊಳ್ಳುವ ಹೆಂಡತಿ, ಸೊಸೆ, ಮಗಳು ಭಾನುವಾರದ ಬಲಿಪೂಜೆಗೂ ಬರಲಾಗದೆ ಉಳಿಯುತ್ತಾರೆ. ಈ ಪಾಠ ಅವರಿಗಾಗಿ, ಮತ್ತು ಅವರ ನೆರೆಯವರಾದ ನಮಗಾಗಿ.

ಬದಲಾದ ದಾರಿ

ಹಿಂದೆ ವೃದ್ಧಾಪ್ಯ ವೇತನ, ವಿಧವಾ ವೇತನಗಳನ್ನು ಅಂಚೆಯವರು ಮನಿಯಾರ್ಡರಿನಲ್ಲಿ ಮನೆಬಾಗಿಲಿಗೆ ತರುತ್ತಿದ್ದರು. ಈಗ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಮಧ್ಯವರ್ತಿಗಳ ಕಾಟ ತಗ್ಗಿದ್ದು ಒಳ್ಳೆಯದೇ. ಆದರೆ ದಾಖಲೆಗಳಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ, ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಕೈಗೆ ಬರುವ ಹಣ ನಿಂತುಹೋಗಬಹುದು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ತಲೆಗೆ 170 ರೂಪಾಯಿ ಬಂತು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಯೇ ಆಯಿತು. 2024ರ ನವೆಂಬರಿನಲ್ಲಿ ಅನೇಕ ಬಿಪಿಎಲ್ ಚೀಟಿಗಳು ಎಪಿಎಲ್ ಆದವು. ಕೂಗೆದ್ದ ಮೇಲೆ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಹಿಂದಿರುಗಿಸುವುದಾಗಿ ಸರ್ಕಾರ ಹೇಳಿತು.

ಕೈಕಾಲು ಗಟ್ಟಿಯಿದ್ದವರಿಗೆ ಇವೆಲ್ಲ ಎರಡು ದಿನಗಳ ಓಡಾಟ. ರೋಗಿಯನ್ನು ಗಳಿಗೆ ಹೊತ್ತೂ ಒಂಟಿಯಾಗಿ ಬಿಡಲಾಗದ ಹೆಣ್ಣುಮಗಳಿಗೆ ನಾಡಕಚೇರಿಯ ಸಾಲೇ ಒಂದು ಬೆಟ್ಟ.

ಕೇಳುವುದು ನಾಚಿಕೆಯೇ?

“ಇದು ದೇವರು ಕೊಟ್ಟ ಶಿಲುಬೆ, ಸರ್ಕಾರದ ಮುಂದೆ ಕೈಚಾಚುವುದೇಕೆ?” ಎನ್ನುವವರುಂಟು. ಸಂತ ಥಾಮಸ್ ಅಕ್ವಿನಾಸರ ಬೋಧನೆಯಂತೆ ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಸ್ಥಿರ ಮನಸ್ಸು. ಜಗದ್ಗುರು ಹನ್ನೊಂದನೇ ಪಯಸ್ಸರು 1931ರ ತಮ್ಮ ವಿಶ್ವಪತ್ರದಲ್ಲಿ ಒಂದು ತತ್ವವನ್ನು ವಿವರಿಸಿದರು: ಚಿಕ್ಕ ಸಮುದಾಯಗಳು ಮಾಡಬಲ್ಲ ಕೆಲಸವನ್ನು ರಾಜ್ಯ ಕಿತ್ತುಕೊಳ್ಳಬಾರದು, ಅವುಗಳಿಗೆ ನೆರವಾಗಬೇಕು. ಪವಿತ್ರ ಪೀಠವು 1983ರಲ್ಲಿ ಪ್ರಕಟಿಸಿದ ಕುಟುಂಬದ ಹಕ್ಕುಗಳ ಸನ್ನದು, ವೃದ್ಧಾಪ್ಯ ಅಥವಾ ಅಂಗವೈಕಲ್ಯದ ಕಾರಣ ಹೆಚ್ಚಿನ ಹೊರೆ ಹೊರುವ ಕುಟುಂಬಕ್ಕೆ ಸಮಾಜದ ನೆರವು ಪಡೆಯುವ ಹಕ್ಕಿದೆ ಎನ್ನುತ್ತದೆ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಆರೈಕೆದಾರರ ಭತ್ಯೆಯನ್ನು ಹೆಸರಿಸಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿಯನ್ನು ರಾಜ್ಯ ಸರ್ಕಾರ 2024-25ರ ಆಯವ್ಯಯದಲ್ಲಿ ಘೋಷಿಸಿತು. ಮೊತ್ತ ಚಿಕ್ಕದು, ಆದರೆ ಮನೆಯ ಆರೈಕೆಯೂ ದುಡಿಮೆಯೆಂದು ಲೆಕ್ಕಕ್ಕೆ ಬಂದಿತು. ಆದ್ದರಿಂದ ಅರ್ಹರು ಅಂಜದೆ ಅರ್ಜಿ ಹಾಕಲಿ. ಉಳ್ಳವರು ಸುಳ್ಳು ಹೇಳಿ ಬಿಪಿಎಲ್ ಚೀಟಿ ಇಟ್ಟುಕೊಂಡರೆ ವಿಧವೆಯ ತಟ್ಟೆಗೆ ಕೈಹಾಕಿದಂತೆ ಎಂಬುದನ್ನೂ ಮರೆಯದಿರಲಿ.

ಮನೆಯೊಳಗಿನ ನ್ಯಾಯ

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ, ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರ ಖಾತೆಗೆ ಬೀಳುತ್ತದೆ. ಯಜಮಾನಿ ಅತ್ತೆ, ಹಗಲಿರುಳು ಅವರ ಹಾಸಿಗೆ ಬಟ್ಟೆ ಬದಲಿಸುವವಳು ಸೊಸೆ. ಹಣ ಯಾರದು? ಕಾನೂನು ಹೆಸರನ್ನು ನೋಡುತ್ತದೆ. ಪ್ರೀತಿ ಕೆಲಸವನ್ನೂ ನೋಡಬೇಕು. ಅತ್ತೆಯ ಔಷಧಿಗೆಷ್ಟು, ಮನೆಗೆಷ್ಟು, ಸೊಸೆಯ ಕೈಖರ್ಚಿಗೆಷ್ಟು ಎಂದು ಕುಳಿತು ಮಾತಾಡಿಕೊಳ್ಳುವುದು ಒಳ್ಳೆಯದು.

ದೇವರಿಗೆ ಮೀಸಲು, ಅಂದರೆ ಕೊರ್ಬಾನ್, ಎಂಬ ನೆಪ ಹೇಳಿ ಹೆತ್ತವರ ಪಾಲನೆಯಿಂದ ನುಣುಚಿಕೊಳ್ಳುವುದನ್ನು ಪ್ರಭು ಯೇಸು ಖಂಡಿಸಿದರು (ಮಾರ್ಕ 7:9-13). “ತಂಗಿ ನೋಡಿಕೊಳ್ಳುತ್ತಿದ್ದಾಳಲ್ಲ” ಎಂದು ದೂರ ಉಳಿಯುವ ಅಣ್ಣಂದಿರ ಮಾತು ಇಂದಿನ ಕೊರ್ಬಾನ್.

ನಮ್ಮ ನಂತರ?

ಅಂಗವಿಕಲ ಮಕ್ಕಳ ತಂದೆತಾಯಿಯರ ನಿದ್ದೆಗೆಡಿಸುವ ಪ್ರಶ್ನೆ ಇದು. ಶಿಲುಬೆಯ ಮೇಲೂ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು (ಯೊವಾನ್ನ 19:26-27). ಮುಂದಿನ ಏರ್ಪಾಡು ಮಾಡುವುದು ಅವಿಶ್ವಾಸವಲ್ಲ. ಕಾರ್ಮಿಕರ 1995ರ ಪಿಂಚಣಿ ಯೋಜನೆಯಲ್ಲಿ, ಸದಸ್ಯರು ತೀರಿಕೊಂಡ ಮೇಲೆ ಶಾಶ್ವತವಾಗಿ ಸಂಪೂರ್ಣ ಅಶಕ್ತರಾದ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿಯ ಹಕ್ಕಿದೆ. ಕಾರ್ಖಾನೆಯಲ್ಲಿ ದುಡಿದವರು ಇದನ್ನು ಬದುಕಿದ್ದಾಗಲೇ ವಿಚಾರಿಸಿ ದಾಖಲೆ ಸಿದ್ಧಪಡಿಸಿಕೊಳ್ಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವೈಕಲ್ಯವಿರುವವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾ ಮಟ್ಟದಲ್ಲಿ ಸಮಿತಿಯಿದೆ.

ಹೊತ್ತು ತಂದ ನಾಲ್ವರು

ಒಬ್ಬನೇ ಎಲ್ಲ ಹೊತ್ತರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಮೋಶೆಗೆ ಮಾವ ಇತ್ರೋ ಎಚ್ಚರಿಸಿದ (ವಿಮೋಚನಾಕಾಂಡ 18). ಆರೈಕೆ ಮಾಡುವ ತಾಯಂದಿರೇ, ಕೆಲವೊಮ್ಮೆ ಬೇಸರ, ಸಿಟ್ಟು ಬರುವುದು ನಿಮ್ಮ ಪ್ರೀತಿ ಬತ್ತಿದ್ದಕ್ಕಲ್ಲ, ದೇಹ ದಣಿದಿದೆ. ವಿಶ್ರಾಂತಿ ಕೇಳಿರಿ.

ಕಫೆರ್ನವುಮಿನ ಪಾರ್ಶ್ವವಾಯು ರೋಗಿಯನ್ನು ಹೊತ್ತದ್ದು ನಾಲ್ವರು. ಬಾಗಿಲಲ್ಲಿ ದಾರಿ ಸಿಗದಾಗ ಛಾವಣಿ ತೆರೆದರು. ಯೇಸು ಅವರೆಲ್ಲರ ವಿಶ್ವಾಸವನ್ನು ಕಂಡರು. ಪ್ರತಿ ವಾರ್ಡಿನಲ್ಲೂ ಅಂಥ ನಾಲ್ವರು ಸಿಗಲಾರರೇ? ಒಬ್ಬರು ರೋಗಿಯ ಬಳಿ ಎರಡು ಗಂಟೆ ಕೂರಲಿ. ಒಬ್ಬರು ನಾಡಕಚೇರಿಗೋ ಬೆಂಗಳೂರು ಒನ್ ಕೇಂದ್ರಕ್ಕೋ ಜೊತೆಗೆ ಹೋಗಲಿ. 70 ದಾಟಿದವರಿಗೂ ಅಶಕ್ತರಿಗೂ ಮನೆಬಾಗಿಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಹೇಳಿದೆ; ಒಬ್ಬರು ಅದನ್ನು ಬ್ಯಾಂಕಿನಲ್ಲಿ ಕೇಳಲಿ. ಇನ್ನೊಬ್ಬರು ಪರಮ ಪ್ರಸಾದ ಬೇಕೆಂದು ಗುರುಗಳಿಗೆ ತಿಳಿಸಲಿ.

ಚಿಂತನೆಗೆ

1. ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಹೊರಬರಲಾಗದ ಆರೈಕೆದಾರರು ಯಾರಿದ್ದಾರೆ?
2. ನಮ್ಮ ಮನೆಯಲ್ಲಿ ಆರೈಕೆಯ ಹೊರೆ ಯಾರೊಬ್ಬರ ಮೇಲೆಯೇ ಬಿದ್ದಿದೆ?
3. ಈ ವಾರ ನಾನು ಕೊಡಬಲ್ಲ ಎರಡು ಗಂಟೆ ಯಾವುದು?

ಪ್ರಾರ್ಥನೆ: ಪ್ರಭುವೇ, ದಣಿದ ಕೈಗಳಿಗೆ ಬಲ ನೀಡಿರಿ, ನೋಡಿಯೂ ಸುಮ್ಮನಿರುವ ನಮ್ಮನ್ನು ಎಬ್ಬಿಸಿರಿ. ಆಮೆನ್.